ಜಪಾನಿನಲ್ಲಿ ಓದಬೇಕೆ? ಬೆಂಗಳೂರು ಹತ್ತಿರ, ಆದರೆ ಅರ್ಜಿ ಚೆನ್ನೈಗೆ!

ಸಾನಮಾವು: ಪ್ಲಸ್ ಟು ಮುಗಿಸಿದ ಮಗನೋ ಮಗಳೋ ‘ಜಪಾನಿಗೆ ಹೋಗಿ ಓದುತ್ತೇನೆ’ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟು ಲಕ್ಷ ಬೇಕು?’ ಎಂಬುದು. ಎರಡನೆಯದು ‘ಯಾವ ಏಜೆಂಟ್?’. ಈ ಎರಡು ಪ್ರಶ್ನೆ ಕೇಳುವ ಮೊದಲೇ ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಶುಲ್ಕವಿಲ್ಲ, ಏಜೆಂಟರೂ ಬೇಕಿಲ್ಲ. ಬೇಕಾದದ್ದು ಸರಿಯಾದ ಕಾಗದಪತ್ರ ಮತ್ತು ಸರಿಯಾದ ಕಚೇರಿಯ ವಿಳಾಸ. ಗಡಿಭಾಗದ ನಮ್ಮ ಮಕ್ಕಳು ಎಡವುವುದು ಈ ಎರಡರಲ್ಲೇ.

ಯಾವ ಕಚೇರಿ?

ನಮಗೆ ಆಸ್ಪತ್ರೆ, ಸಂತೆ, ಕೆಲಸ, ನೆಂಟಸ್ತನ ಎಲ್ಲಕ್ಕೂ ಬೆಂಗಳೂರೇ ಹತ್ತಿರ. ಹೊಸೂರಿನಿಂದ ಸುಮಾರು 40 ಕಿ.ಮೀ. ಅಷ್ಟೆ. ಅಲ್ಲಿ ಜಪಾನ್ ಕಾನ್ಸುಲೇಟ್ ಕೂಡ ಇದೆ. ಆದರೆ ಅದರ ವ್ಯಾಪ್ತಿ ಕರ್ನಾಟಕ. ಕೃಷ್ಣಗಿರಿ ಜಿಲ್ಲೆಯ ವಿಳಾಸ ಇರುವವರು ಸುಮಾರು 300 ಕಿ.ಮೀ. ದೂರದ ಚೆನ್ನೈ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ಮಾತು ಕನ್ನಡವಾದರೂ ರೇಷನ್ ಕಾರ್ಡ್ ತಮಿಳುನಾಡಿನದ್ದು, ಲೆಕ್ಕಕ್ಕೆ ಬರುವುದು ವಿಳಾಸ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿರುವವರು ಎರಡೂ ಕಚೇರಿಗೆ ಮೊದಲೇ ಈ-ಮೇಲ್ ಬರೆದು, ಎಲ್ಲಿ ಅರ್ಜಿ ಹಾಕಬೇಕೆಂದು ಬರಹದಲ್ಲೇ ಉತ್ತರ ಪಡೆಯುವುದು ಒಳ್ಳೆಯದು. ಕೊನೆಯ ದಿನ ತಪ್ಪಾದ ಕಚೇರಿಗೆ ಹೋದರೆ ಒಂದು ವರ್ಷ ಹೋದಂತೆ.

ವಿದ್ಯಾರ್ಥಿವೇತನ ಏನು?

ಜಪಾನಿನ ಶಿಕ್ಷಣ ಸಚಿವಾಲಯ ಕೊಡುವ ಇದಕ್ಕೆ ‘ಮೆಕ್ಸ್ಟ್’ ವಿದ್ಯಾರ್ಥಿವೇತನ ಎಂದು ಹೆಸರು. ಇದರಲ್ಲಿ ಕಾಲೇಜಿನ ಶುಲ್ಕ ಮನ್ನಾ, ಹೋಗಿಬರುವ ವಿಮಾನದ ಟಿಕೆಟ್, ತಿಂಗಳ ಖರ್ಚಿನ ಹಣ ಎಲ್ಲವೂ ಸೇರಿದೆ. ಪ್ಲಸ್ ಟು ಆದವರಿಗೆ ಮೂರು ದಾರಿಗಳಿವೆ:

* ಪದವಿ: ಒಂದು ವರ್ಷ ಜಪಾನಿ ಭಾಷೆಯ ತಯಾರಿ ಸೇರಿ ಸಾಮಾನ್ಯವಾಗಿ ಐದು ವರ್ಷ.
* ತಾಂತ್ರಿಕ ಕಾಲೇಜು: ಅಲ್ಲಿ ‘ಕೊಸೆನ್’ ಎನ್ನುತ್ತಾರೆ. ತಯಾರಿ ಸೇರಿ ಸಾಮಾನ್ಯವಾಗಿ ನಾಲ್ಕು ವರ್ಷ.
* ವೃತ್ತಿ ತರಬೇತಿ ಕಾಲೇಜು: ತಯಾರಿ ಸೇರಿ ಮೂರು ವರ್ಷ.

2024ರ ಲೆಕ್ಕದಲ್ಲಿ ಈ ಮೂರಕ್ಕೂ ತಿಂಗಳಿಗೆ 1,17,000 ಯೆನ್. ಒಂದು ಯೆನ್‌ಗೆ 55–60 ಪೈಸೆ ಎಂದುಕೊಂಡರೆ 65 ಸಾವಿರ ರೂಪಾಯಿಗೆ ಸ್ವಲ್ಪ ಹೆಚ್ಚುಕಡಿಮೆ. ವಯಸ್ಸು ಸುಮಾರು 25ರ ಒಳಗಿರಬೇಕು. ಬಿ.ಇ., ಬಿ.ಎಸ್ಸಿ. ಮುಗಿಸಿದವರಿಗೆ ಸಂಶೋಧನಾ ವಿಭಾಗವಿದೆ, ಅದಕ್ಕೆ 35ರ ಒಳಗೆ.

ಪ್ರಕಟಣೆ ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ ಬರುತ್ತದೆ. ಪದವಿ ವಿಭಾಗದಲ್ಲಿ ವಿಜ್ಞಾನ ಆರಿಸಿದವರಿಗೆ ಗಣಿತ, ಇಂಗ್ಲಿಷ್, ಜಪಾನಿ ಭಾಷೆಯ ಜತೆಗೆ ವಿಜ್ಞಾನದ ಲಿಖಿತ ಪರೀಕ್ಷೆಯೂ ಇರುತ್ತದೆ. ಆಮೇಲೆ ಸಂದರ್ಶನ. ಪೈಪೋಟಿ ಬಹಳ. ಒಂದೇ ಸಲಕ್ಕೆ ಸಿಗಲಿಲ್ಲವೆಂದು ಕೈಚೆಲ್ಲಬೇಡಿ, ವಯಸ್ಸಿನ ಮಿತಿ ಇರುವವರೆಗೆ ಮತ್ತೆ ಬರೆಯಬಹುದು.

ಸ್ವಂತ ಖರ್ಚಿನಲ್ಲಿ ಹೋದರೆ?

ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಮೂಲ ಶುಲ್ಕ ವರ್ಷಕ್ಕೆ 5,35,800 ಯೆನ್, ಅಂದರೆ ಸುಮಾರು ಮೂರು ಲಕ್ಷ ರೂಪಾಯಿ. ಮೊದಲ ವರ್ಷ ಪ್ರವೇಶ ಶುಲ್ಕ 2,82,000 ಯೆನ್ ಬೇರೆ. ಟೋಕಿಯೊ ವಿಶ್ವವಿದ್ಯಾಲಯ 2025ರಲ್ಲಿ ಪದವಿ ಶುಲ್ಕವನ್ನು 6,42,960 ಯೆನ್‌ಗೆ ಏರಿಸಿದೆ. ಖಾಸಗಿಯವು ಇನ್ನೂ ದುಬಾರಿ. ಊಟ, ಬಾಡಿಗೆ ಇದರಲ್ಲಿ ಸೇರಿಲ್ಲ. ಆದರೆ ಶುಲ್ಕ ರಿಯಾಯಿತಿ ಕೊಡುವ ಸಂಸ್ಥೆಗಳೂ ಇವೆ. ಬೆಪ್ಪು ಊರಿನಲ್ಲಿ 2000ರಲ್ಲಿ ಶುರುವಾದ ರಿತ್ಸುಮೇಕನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯ ಅಂಥದ್ದು. ಅಲ್ಲಿ ಇಂಗ್ಲಿಷಿನಲ್ಲೇ ಪದವಿ ಓದಬಹುದು.

ಜಪಾನಿ ಮಾಧ್ಯಮದ ಕೋರ್ಸುಗಳಿಗೆ ಅನೇಕ ಕಡೆ ‘ಇ.ಜೆ.ಯು.’ ಪರೀಕ್ಷೆಯ ಅಂಕ ಕೇಳುತ್ತಾರೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ನವೆಂಬರಿನಲ್ಲಿ ನಡೆಯುತ್ತದೆ. ಪ್ರವೇಶ ಸಿಕ್ಕ ಮೇಲೆ ವಿಶ್ವವಿದ್ಯಾಲಯದ ಮೂಲಕ ಜಪಾನಿನ ವಲಸೆ ಇಲಾಖೆಯಿಂದ ‘ಅರ್ಹತಾ ಪತ್ರ’ ಬರಬೇಕು. ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯಬಹುದು. ಖರ್ಚು ಹೊರುವವರ ಆದಾಯ, ಬ್ಯಾಂಕ್ ದಾಖಲೆಗಳನ್ನು ನೋಡುವುದು ಈ ಹಂತದಲ್ಲೇ. ಅದು ಕೈಗೆ ಬಂದ ಮೇಲೆ ವೀಸಾ.

ಹೆಸರಿನ ತೊಡಕು

ಇದು ನಮ್ಮ ಊರುಗಳಲ್ಲಿ ಎಲ್ಲರೂ ಕೇಳಿಸಿಕೊಳ್ಳಬೇಕಾದ ಮಾತು. ಅಪ್ಪ ಇಟ್ಟ ಹೆಸರು ಕನ್ನಡದ್ದು, ದಾಖಲೆ ಬರೆದದ್ದು ತಮಿಳಿನಲ್ಲಿ, ಅಲ್ಲಿಂದ ಇಂಗ್ಲಿಷಿಗೆ. ತಮಿಳು ಲಿಪಿಯಲ್ಲಿ ‘ಬ’ ಮತ್ತು ‘ಪ’ಗೆ, ‘ಗ’ ಮತ್ತು ‘ಕ’ಗೆ ಒಂದೇ ಅಕ್ಷರ. ಹೀಗಾಗಿ ಭಾಗ್ಯ ಇನ್ನೊಂದು ಕಾಗದದಲ್ಲಿ ‘ಪಾಕ್ಯ’ ಆಗಿಬಿಡಬಹುದು. ಮುನಿರಾಜು ಒಂದು ಕಡೆ ‘ಮುನಿರಾಜ್’. ಜತೆಗೆ ಇನಿಷಿಯಲ್ ಕಾಟ. ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇಲ್ಲಿನವರಿಗೆ ಇದು ಅರ್ಥವಾಗುತ್ತದೆ, ಜಪಾನಿನ ಗುಮಾಸ್ತನಿಗೆ ಅರ್ಥವಾಗುವುದಿಲ್ಲ. ಅವನಿಗೆ ಅದು ಇಬ್ಬರು ಬೇರೆ ವ್ಯಕ್ತಿಗಳು.

ಪರಿಹಾರ ಏನು? ಹತ್ತನೇ ತರಗತಿ ಪರೀಕ್ಷೆಗೆ ಶಾಲೆಯಿಂದ ಹೆಸರಿನ ಪಟ್ಟಿ ಹೋಗುವಾಗಲೇ ಸ್ಪೆಲ್ಲಿಂಗ್ ನೋಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ತಪ್ಪಿದ್ದರೆ ಪಾಸ್‌ಪೋರ್ಟಿಗೆ ಮೊದಲೇ ತಿದ್ದಿಸಿ. ತಿದ್ದಲು ಆಗದಿದ್ದರೆ ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ ಮಾಡಿಸಿಡಿ. ತಮಿಳಿನಲ್ಲಷ್ಟೇ ಇರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು.

ಏಜೆಂಟರ ಮಾತು

‘ಮೊದಲು ಭಾಷಾ ಶಾಲೆಗೆ ಸೇರಿ, ಅಲ್ಲೇ ಕೆಲಸ ಮಾಡಿ ಸಾಲ ತೀರಿಸಬಹುದು’ ಎಂದು ಯಾರಾದರೂ ಹೇಳಿದರೆ ಜಮೀನಿನ ಪಟ್ಟಾ ಒತ್ತೆ ಇಡುವ ಮೊದಲು ಲೆಕ್ಕ ಹಾಕಿ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ಕೆಲಸ ಮಾಡಬಹುದಾದದ್ದು ವಾರಕ್ಕೆ 28 ಗಂಟೆ ಮಾತ್ರ. ಅದರಲ್ಲಿ ಹೊಟ್ಟೆಬಟ್ಟೆ ಸ್ವಲ್ಪ ಮಟ್ಟಿಗೆ ನಡೆದೀತು. ಫೀಸು, ಬಾಡಿಗೆ, ಊರಿನ ಸಾಲದ ಬಡ್ಡಿ ಮೂರೂ ತೀರುವುದಿಲ್ಲ. ಮಿತಿ ಮೀರಿ ದುಡಿದು ಸಿಕ್ಕಿಬಿದ್ದರೆ ವೀಸಾ ಮುಂದುವರಿಯುವುದೇ ಕಷ್ಟ.

ನಮಗೊಂದು ಅನುಕೂಲ

ಜಪಾನಿ ಭಾಷೆಯ ಅಕ್ಷರ ಕಷ್ಟ, ಆದರೆ ವಾಕ್ಯ ನಮಗೆ ಕಷ್ಟವಲ್ಲ. ‘ನಾನು ಸೋಮವಾರ ಹೊಸೂರಿಗೆ ಹೋಗುತ್ತೇನೆ’ ಎಂಬುದನ್ನು ಅವರೂ ಇದೇ ಕ್ರಮದಲ್ಲಿ ಹೇಳುತ್ತಾರೆ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಹಿಂದೆ. ಕನ್ನಡ, ತಮಿಳು ಎರಡೂ ಬಲ್ಲವರಿಗೆ ಇದು ಹೊಸದೇನಲ್ಲ. ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಜಪಾನಿ ಕಲಿಸುವ ತರಗತಿಗಳಿವೆ. ‘ಜೆ.ಎಲ್.ಪಿ.ಟಿ.’ ಭಾಷಾ ಪರೀಕ್ಷೆಯೂ ಎರಡೂ ಊರಿನಲ್ಲಿ ನಡೆಯುತ್ತದೆ. ಐದು ಹಂತಗಳಲ್ಲಿ ಎನ್5 ಮೊದಲನೆಯದು. ಭಾಷೆ ಕಲಿಯಲು ಮಾತ್ರ ಬೆಂಗಳೂರಿಗೇ ಹೋಗಬಹುದು, ಅದಕ್ಕೆ ವಿಳಾಸದ ಅಡ್ಡಿಯಿಲ್ಲ.

ಸಂಶೋಧನೆಗೆ ಹೋಗುವವರು ಊರಿನ ಕಸುಬನ್ನೂ ನೆನಪಿಡಿ. ನಮ್ಮ ರೈತರು ಬೆಳೆಯುವ ಬೈವೋಲ್ಟೀನ್ ರೇಷ್ಮೆಗೂಡಿನ ಹಿಂದೆ 1991ರಲ್ಲಿ ಆರಂಭವಾದ ಜಪಾನಿನ ‘ಜೈಕಾ’ ನೆರವಿನ ಯೋಜನೆಯಿದೆ. ಹೊಸೂರಿನಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ. ಹಿಪ್ಪುನೇರಳೆ ತೋಟದಲ್ಲಿ ಬೆಳೆದ ಹುಡುಗಿ ರೇಷ್ಮೆಹುಳುವಿನ ರೋಗದ ಬಗ್ಗೆ ಸಂಶೋಧನಾ ಯೋಜನೆ ಬರೆದರೆ ಅದರಲ್ಲಿ ಕಣ್ಣಾರೆ ಕಂಡ ವಿಷಯ ಇರುತ್ತದೆ. ಆ ವಿಷಯದ ಪ್ರಾಧ್ಯಾಪಕರು ಯಾರೆಂದು ನೋಡಿ, ಯೋಜನೆಯನ್ನು ಎರಡು ಪುಟದಲ್ಲಿ ಬರೆದು ಅವರಿಗೆ ಕಳಿಸುವುದೇ ಮೊದಲ ಹೆಜ್ಜೆ.

ಮುಂದಿನ ಏಪ್ರಿಲ್ ಬರುವುದರೊಳಗೆ ಮಾಡಬೇಕಾದದ್ದು ಮೂರು: ಹೆಸರು ಸರಿಪಡಿಸಿ, ಪಾಸ್‌ಪೋರ್ಟ್ ಮಾಡಿಸಿ, ಚೆನ್ನೈ ಕಾನ್ಸುಲೇಟಿನ ವೆಬ್‌ಸೈಟ್ ನೋಡುತ್ತಿರಿ. ಈ ಮೂರರಲ್ಲಿ ಯಾವುದಕ್ಕೂ ಜಮೀನು ಮಾರಬೇಕಾಗಿಲ್ಲ.