ಅವೇ ಅಕ್ಷರ, ಬೇರೆ ಮಾತು

ಇಂಗ್ಲಿಷು ಕಲಿಯುವ ಮಕ್ಕಳಿಗೆ ಹೆಚ್ಚಿನ ಕ್ಲೇಶವನ್ನುಂಟುಮಾಡುವುದು ಯಾವುದೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಯಾವ ಉಪಾಧ್ಯಾಯರನ್ನು ಕೇಳಿದರೂ, ವ್ಯಾಕರಣಕ್ಕೆ ಮುಂಚೆ ಸ್ಪೆಲಿಂಗಿನ ಹೆಸರನ್ನೇ ಹೇಳುವರು. 2007ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ಭಾಷೆಯಾಗಿ ಬಂದಿರುವುದಷ್ಟೆ. ಮಕ್ಕಳು ಸಂಜೆ ಕುಳಿತು ಗಿಳಿಪಾಠ ಒಪ್ಪಿಸುವರು. ಆ ಭಾಷೆಯನ್ನರಿಯದ ತಾಯ್ತಂದೆಗಳು ಸರಿಯೋ ತಪ್ಪೋ ಹೇಳಲಾರದೆ ಸುಮ್ಮನೆ ನೋಡುತ್ತಿರುವರು. ಲೆಕ್ಕದಲ್ಲಿಯೂ ಕನ್ನಡದಲ್ಲಿಯೂ ಜಾಣನೆನಿಸಿದ ಹುಡುಗನು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇದೊಂದರಲ್ಲಿ ಮುಗ್ಗರಿಸಿ, ತಾನು ದಡ್ಡನೆಂದು ನಂಬಿ, ಓದಿಗೇ ಶರಣು ಹೊಡೆದುದನ್ನು ನಾನು ಕಂಡಿರುವೆನು. ನಾನು ಸಂಸ್ಕೃತ ಓದಿದವನು. ಇಂಗ್ಲಿಷು ನನ್ನ ಕುಲವಿದ್ಯೆಯಲ್ಲ. ಆದರೂ ಈ ಕ್ಲೇಶದ ಮೂಲವು ಹುಡುಗನ ಬುದ್ಧಿಯಲ್ಲಿಲ್ಲ, ಲಿಪಿಯ ರೀತಿಯಲ್ಲಿರುವುದೆಂದು ಧೈರ್ಯವಾಗಿ ಹೇಳಬಲ್ಲೆನು.

ನಮ್ಮ ಅಕ್ಷರವು ಸ್ವರವನ್ನು ಮಡಿಲಲ್ಲಿಟ್ಟುಕೊಂಡೇ ಬರುವುದು. ‘ದಿ’ ಎಂಬುದು ಒಂದೇ ಅಕ್ಷರ. ದಕಾರವನ್ನೂ ಇಕಾರವನ್ನೂ ಅಗಲಿಸಿ ಬರೆಯುವ ಪದ್ಧತಿ ನಮಗಿಲ್ಲ. ಇಂಗ್ಲಿಷಿನಲ್ಲಿ ಸ್ವರಗಳೂ ವ್ಯಂಜನಗಳೂ ಸಂತೆಗೆ ಬಂದ ಜನರಂತೆ ಬೇರೆಬೇರೆಯಾಗಿ ನಿಲ್ಲುವುವು. ಹಗರಿಬೊಮ್ಮನಹಳ್ಳಿ ಎಂದು ಕನ್ನಡದಲ್ಲಿ 8 ಅಕ್ಷರಗಳಿಗೆ ಮುಗಿಸುವ ಬಾಲಕನು, ಇಂಗ್ಲಿಷಿನಲ್ಲಿ ಬರೆಯಬೇಕಾದರೆ 18 ಅಕ್ಷರಗಳನ್ನು ಸಾಲು ತಪ್ಪದಂತೆ ನಿಲ್ಲಿಸಬೇಕು.

ಅಕ್ಷರಪಲ್ಲಟದ ವಿನೋದವು ನಮಗೆ ಹೊಸದೇನೂ ಅಲ್ಲ. ನದಿಯನ್ನು ತಿರುಗಿಸಿದರೆ ದಿನ, ಗಜವನ್ನು ತಿರುಗಿಸಿದರೆ ಜಗ, ನವವು ವನವಾಗುವುದು. ಮದವನ್ನು ತಿರುಗಿಸಿದರೆ ಇಂದ್ರಿಯನಿಗ್ರಹವೆಂಬರ್ಥದ ದಮ. ಬೇಡನು ‘ಮರಾ ಮರಾ’ ಎಂದು ಜಪಿಸುತ್ತ ರಾಮನಾಮಕ್ಕೆ ಮುಟ್ಟಿ ವಾಲ್ಮೀಕಿಯಾದನೆಂಬ ಕಥೆಯನ್ನು ಕೇಳದ ಮನೆಯುಂಟೆ? ಆದರೆ ನಮ್ಮ ಆಟವು ಬಹುಮಟ್ಟಿಗೆ ಹಿಂದುಮುಂದು ಮಾಡುವುದರಲ್ಲಿಯೇ ನಿಲ್ಲುವುದು. ಸ್ವರವು ಕಟ್ಟುಬಿದ್ದಿರುವಲ್ಲಿ ಓಡಾಟಕ್ಕೆ ಅವಕಾಶವೆಲ್ಲಿ?

ಇಂಗ್ಲಿಷಿನ ಓಡಾಟವನ್ನು ನೋಡಿರಿ. ಎನ್, ಓ, ಡಬ್ಲ್ಯು ಎಂಬ ಮೂರಕ್ಷರಗಳಿಂದ ‘ನೌ’ ಎಂದರೆ ಈಗ, ‘ಓನ್’ ಎಂದರೆ ಸ್ವಂತದ್ದು, ‘ವನ್’ ಎಂದರೆ ಗೆದ್ದನು. ಎ, ಇ, ಟಿ ಎಂಬುವುಗಳಿಂದ ‘ಈಟ್’ ತಿನ್ನು, ‘ಟೀ’ ಚಹಾ, ‘ಏಟ್’ ತಿಂದನು. ಈ ಕಡೆಯ ಪದವು ಮಕ್ಕಳಿಗೆ ಬೆನ್ನಿನ ಮೇಲಿನ ಏಟನ್ನು ನೆನಪಿಗೆ ತರುವುದರಿಂದ ಎಂದಿಗೂ ಮರೆಯದು. ಎಸ್, ಟಿ, ಓ, ಪಿ ಎಂಬ ನಾಲ್ಕನ್ನು ಕೈಗೆ ಕೊಟ್ಟರೆ ‘ಸ್ಟಾಪ್’ ನಿಲ್ಲು, ‘ಸ್ಪಾಟ್’ ಸ್ಥಳ ಅಥವಾ ಕಲೆ, ‘ಪೋಸ್ಟ್’ ಅಂಚೆ ಅಥವಾ ಕಂಬ, ‘ಪಾಟ್ಸ್’ ಗಡಿಗೆಗಳು, ‘ಟಾಪ್ಸ್’ ತುದಿಗಳು, ‘ಆಪ್ಟ್ಸ್’ ಆರಿಸಿಕೊಳ್ಳುವನು, ಹೀಗೆ ಆರು ಪದಗಳು.

ನಾಲ್ಕು ಅಕ್ಷರಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಇದಕ್ಕೆ ಉತ್ತರವು ನಮ್ಮ ಮನೆಯಲ್ಲಿಯೇ ಇರುವುದು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಅಂಕಪಾಶವೆಂಬ ಪ್ರಕರಣವುಂಟು. ಹರಿಯು ಗದೆ, ಚಕ್ರ, ಕಮಲ, ಶಂಖಗಳನ್ನು ನಾಲ್ಕು ಕೈಗಳಲ್ಲಿ ಅದಲುಬದಲಾಗಿ ಹಿಡಿದರೆ ಎಷ್ಟು ಮೂರ್ತಿಭೇದಗಳಾಗುವುವೆಂದು ಅಲ್ಲಿ ಪ್ರಶ್ನೆ. ನಾಲ್ಕು, ಮೂರು, ಎರಡು, ಒಂದನ್ನು ಗುಣಿಸಿದರೆ 24. ಹತ್ತು ಆಯುಧಗಳ ಶಂಭುವಿಗಾದರೆ 36,28,800. ಆಚಮನದಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ 24 ನಾಮಗಳ ಮೂರ್ತಿಗಳನ್ನು ಶಿಲ್ಪಿಗಳು ಗುರುತಿಸುವುದು ಈ ಆಯುಧಗಳ ಸ್ಥಾನದಿಂದಲೇ. ಆಯುಧಗಳು ಅವೇ; ಕೈ ಬದಲಾದರೆ ಹೆಸರು ಬದಲು. ಇಂಗ್ಲಿಷಿನ ಸ್ಪೆಲಿಂಗೂ ಹೀಗೆಯೇ ಎಂದು ಹೇಳಿದರೆ ಬಾಲಕನಿಗೆ ಥಟ್ಟನೆ ತಿಳಿಯುವುದು. ಭೇದವಿಷ್ಟೆ: ಹರಿಯ 24 ರೂಪಗಳಿಗೂ ಹೆಸರುಂಟು, ಮೇಲಿನ ನಾಲ್ಕು ಅಕ್ಷರಗಳ 24 ಜೋಡಣೆಗಳಲ್ಲಿ ಆರಕ್ಕೆ ಮಾತ್ರ ಅರ್ಥಭಾಗ್ಯ.

ಸ್ಥಾನದೊಡನೆ ಉಚ್ಚಾರವೂ ಬದಲಾಗುವುದೇ ನಮ್ಮವರಿಗೆ ದೊಡ್ಡ ತೊಡಕು. ಎಲ್, ಐ, ವಿ, ಇ ಎಂಬುವುಗಳಿಂದ ‘ಲಿವ್’ ಎಂದರೆ ಬದುಕು. ಅದೇ ಸಾಲನ್ನು ದೂರದರ್ಶನದವರು ‘ಲೈವ್’ ಎಂದೋದುವರು. ಪಲ್ಲಟಿಸಿದರೆ ‘ಈವಿಲ್’ ಕೇಡು, ‘ವೈಲ್’ ನೀಚವಾದದ್ದು, ‘ವೇಲ್’ ಮುಸುಕು. ನಮ್ಮ ಹೆಣ್ಣುಮಕ್ಕಳು ಚೂಡಿದಾರದ ಮೇಲೆ ಹೊದೆಯುವ ವೇಲ್ ಇದೇ. ಎಸ್, ಐ, ಎಲ್, ಇ, ಎನ್, ಟಿ ಸೇರಿ ‘ಸೈಲೆಂಟ್’, ಎಂದರೆ ಮೌನವಾದದ್ದು. ಇವೇ ಸ್ಥಾನ ಬದಲಿಸಿ ‘ಲಿಸನ್’, ಎಂದರೆ ಕಿವಿಗೊಡು. ಈ ಎರಡನೆಯದರಲ್ಲಿ ಟಿ ತಾನೇ ಮೌನವ್ರತ ಹಿಡಿದಿರುವುದು!

‘ಆಂಗಲ್’ ಎಂದರೆ ಕೋನ, ‘ಏಂಜೆಲ್’ ಎಂದರೆ ದೇವದೂತ. ಕಡೆಯ ಎರಡು ಅಕ್ಷರಗಳು ಸ್ಥಳ ಬದಲಿಸಿದರೆ ತ್ರಿಕೋನದಲ್ಲಿ ಮೂವರು ದೇವದೂತರು ಕುಳಿತುಬಿಡುವರು. ಅವೇ ಐದು ಅಕ್ಷರಗಳಿಂದ ‘ಗ್ಲೀನ್’ ಎಂಬ ಇನ್ನೊಂದು ಪದವಾಗುವುದು. ಅದರರ್ಥ ಹಕ್ಕಲಾಯುವುದು, ನಮ್ಮ ಶಾಸ್ತ್ರಗಳ ಉಂಛವೃತ್ತಿ. ಜೋಳದ ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಯನ್ನೂ, ಶೇಂಗಾ ಕಿತ್ತ ಮಣ್ಣಿನಲ್ಲಿ ಉಳಿದ ಕಾಯಿಯನ್ನೂ ಆಯ್ದ ಮಗುವಿಗೆ ಈ ಪದವು ಪರದೇಶದ್ದೆನಿಸಲಾರದು. ಮಕ್ಕಳು ಅರಿತ ಕೆಲಸಕ್ಕೆ ಅರಿಯದ ಹೆಸರನ್ನು ಹೀಗೆ ಅಂಟಿಸಬೇಕೇ ಹೊರತು, ಎಂದೂ ಕಾಣದ ವಸ್ತುಗಳ ಪಟ್ಟಿಯನ್ನು ಉರುಹೊಡೆಸುವುದರಿಂದ ಏನು ಫಲ?

ಎರಡು ಲಿಪಿಗಳ ನಡುವೆ ಸಲೀಸಾಗಿ ಓಡಾಡಿದ ಒಬ್ಬರು ನಮ್ಮ ಹರಪನಹಳ್ಳಿಯಲ್ಲಿಯೇ 1913ರಲ್ಲಿ ಹುಟ್ಟಿದರು. ರಾಯಸಂ ಭೀಮಸೇನರಾಯರೆಂದರೆ ಕೆಲವರಿಗೆ ತಿಳಿಯದು. ಬೀಚಿ ಎಂದರೆ ಎಲ್ಲರೂ ಬಲ್ಲರು. ಆ ಎರಡಕ್ಷರದ ಹೆಸರನ್ನೂ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಬರೆದವರು ಅವರು. ಜೀವನಚರಿತ್ರೆಗೆ ಇಂಗ್ಲಿಷಿನವರು ಹೇಳುವ ಬಯಾಗ್ರಫಿಯ ಬಕಾರದ ಹೊಟ್ಟೆ ಸೀಳಿ, ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಒಂದು ಗೀಟಿನಿಂದ ಚರಿತ್ರೆಯು ಭಯವಾಯಿತು! ಭಾಷೆಗೆ ಹೆದರಿದವನು ಇಂಥ ಚೇಷ್ಟೆ ಮಾಡಲಾರನು.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಹಳೆಯ ರಟ್ಟಿನ ಪೆಟ್ಟಿಗೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷು ಅಕ್ಷರವನ್ನು ಮಗುವಿನಿಂದಲೇ ಬರೆಯಿಸಿರಿ. ಸ್ವರಗಳನ್ನು ಎರಡೆರಡು ಮಾಡಿದರೆ ಒಳ್ಳೆಯದು. ಮೂರರಿಂದ ತೊಡಗಿ ನಾಲ್ಕಕ್ಕೆ ಏರಿರಿ. ಮೊದಲ ದಿನವೇ ಆರಕ್ಷರ ಕೊಟ್ಟರೆ ಮಗು ಎದ್ದುಹೋಗುವುದು. ಮಗು ಪದವನ್ನು ಜೋಡಿಸಿ ಕನ್ನಡದಲ್ಲಿ ಅರ್ಥ ಹೇಳಬೇಕು. ಅರ್ಥ ಹೇಳದಿದ್ದರೆ ಲೆಕ್ಕಕ್ಕಿಲ್ಲ. ಸಂದೇಹ ಬಂದರೆ ನಿಘಂಟನ್ನು ಮಗುವೇ ತೆರೆದು ನೋಡಲಿ. ಇಂಗ್ಲಿಷು ಬಾರದ ಅಜ್ಜಿಯೂ ಈ ಆಟದಲ್ಲಿ ನ್ಯಾಯಾಧಿಪತಿಯಾಗಬಹುದು. ಕೊಟ್ಟ ಚೌಕಗಳು ಅವೇ ಹೌದೋ ಅಲ್ಲವೋ, ಹೇಳಿದ ಅರ್ಥವು ಮಾತಿಗೆ ನಿಲ್ಲುವುದೋ ಇಲ್ಲವೋ ಎಂದು ನೋಡುವಷ್ಟು ವಿವೇಕ ಆಕೆಗೆ ಸಾಲದೆ?

ಮೊದಲ ಸಂಜೆಗೆಂದು ಎ, ಇ, ಎಂ, ಟಿ ಎಂಬ ನಾಲ್ಕನ್ನು ಕೊಟ್ಟಿರುವೆನು. ಹುಡುಕಬೇಕಾದ ಪದಗಳು ನಾಲ್ಕು: ಒಂದರ ಅರ್ಥ ತಂಡ, ಇನ್ನೊಂದರದು ಜೊತೆಗಾರ, ಮತ್ತೊಂದರದು ಮಾಂಸ, ಕಡೆಯದರದು ಪಳಗಿಸು.