ಎ.ಸಿ. ಹುಟ್ಟಿದ್ದೇ ನೀರಿನ ಕಾಟಕ್ಕೆ

ಮಳೆಗಾಲದಲ್ಲಿ ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಹಳೆಯ ಅಂಬಾಸಿಡರ್ ಓಡಿಸುವವರಿಗೆ ಈ ತೊಂದರೆ ಗೊತ್ತು. ಎ.ಸಿ. ಹಾಕಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಕ್ಕದ ಸೀಟಿನವರ ಕಾಲ ಮೇಲೆ ತಣ್ಣನೆಯ ನೀರು ತೊಟ್ಟಿಕ್ಕುತ್ತದೆ. ‘ಗ್ಯಾಸ್ ಸೋರ್ತೈತೆ’ ಅನ್ನುವವರಿದ್ದಾರೆ. ಗ್ಯಾಸ್ ಸೋರಿದರೆ ಹಾರಿಹೋಗುತ್ತದೆ, ಮ್ಯಾಟ್ ನೆನೆಸುವುದಿಲ್ಲ. ಕೂಲೆಂಟ್ ಆಗಿದ್ದರೆ ಬೆರಳಿಗೆ ಜಿಗುಟು ಹತ್ತುತ್ತದೆ. ಇದು ಬರೀ ನೀರು. ಕಾಲುವೆ ಬಯಲಿನ ಗದ್ದೆಗಳ ಮೇಲಿನ ಒದ್ದೆ ಗಾಳಿಯಲ್ಲೇ ಇದ್ದದ್ದು.

ಎ.ಸಿ. ಹುಟ್ಟಿದ್ದೇ ಈ ನೀರನ್ನು ಹಿಡಿಯುವುದಕ್ಕೆ. ಸೆಕೆಗೂ ಅದಕ್ಕೂ ಸಂಬಂಧವಿರಲಿಲ್ಲ. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್-ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯಕ್ಕೆ ಒಂದು ಸಂಕಟ ಬಂತು. ಬಣ್ಣದ ಚಿತ್ರಕ್ಕೆ ಒಂದೇ ಹಾಳೆಯ ಮೇಲೆ ಒಂದಾದ ಮೇಲೊಂದು ಬಣ್ಣ ಬೀಳಬೇಕು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಬಫಲೋ ಫೋರ್ಜ್ ಕಂಪನಿಯ 25ರ ಹರೆಯದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್, ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವ ಇಳಿಸುವ ನಕ್ಷೆ ಹಾಕಿದ. ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗೆ ಬೆವರುವ ಹಾಗೆ, ಕೊಳವೆಯ ಮೇಲೆ ನೀರು ಕಟ್ಟಿ ಗಾಳಿ ಒಣಗಿತು. ತಂಪು ಜೊತೆಗೇ ಬಂತು, ಅಷ್ಟೆ.

ಅವನನ್ನು ಮುಂದಕ್ಕೆ ಒಯ್ದದ್ದು ಪಿಟ್ಸ್‌ಬರ್ಗ್ ರೈಲು ನಿಲ್ದಾಣದ ಮಂಜು. ರೈಲಿಗೆ ಕಾಯುತ್ತ ನಿಂತವನಿಗೆ ಹೊಳೆಯಿತು: ಮಂಜೆಂದರೆ ಇನ್ನೊಂದು ಹನಿಗೂ ಜಾಗವಿಲ್ಲದ ಗಾಳಿ. ಆ ಮಂಜಿನ ತಾಪ ನನ್ನ ಕೈಯಲ್ಲಿದ್ದರೆ, ಗಾಳಿಯಲ್ಲಿ ನೀರೆಷ್ಟು ಉಳಿಯಬೇಕೆಂಬುದೂ ನನ್ನ ಕೈಯಲ್ಲೇ. ತಣ್ಣೀರು ಸಿಂಪಡಿಸಿಯೇ ಗಾಳಿಯನ್ನು ಒಣಗಿಸುವುದು! ಇಂಥ ಯೋಚನೆ ಬಂದ ತಲೆಗೆ ಕೈ ಮುಗಿಯಬೇಕು. 1906ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಲೆಕ್ಕ ನಮ್ಮೂರಿಗೂ ಅದೇ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ. ಉಳಿದದ್ದು ಕೂಲಿಂಗ್ ಕಾಯಿಲ್ ಮೇಲೆ ಇಳಿಯಲೇಬೇಕು.

ಕಾರಿಗೆ ಎ.ಸಿ. ತಂದದ್ದು ಪ್ಯಾಕರ್ಡ್ ಕಂಪನಿ, 1939ರಲ್ಲಿ. ಅದರ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗಿತ್ತು. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ ಕಂಪ್ರೆಸರ್ ಬೆಲ್ಟನ್ನೇ ಬಿಚ್ಚಬೇಕಿತ್ತು. ಎ.ಸಿ. ಇಲ್ಲದೆ ಬಂದ ಅಂಬಾಸಿಡರ್‌ಗೆ ಆಮೇಲೆ ಕೂರಿಸಿದ ಎ.ಸಿ.ಯಲ್ಲಿ ಕಾಯಿಲ್ ಡ್ಯಾಶ್‌ಬೋರ್ಡ್ ಅಡಿಯ ಪೆಟ್ಟಿಗೆಯಲ್ಲಿರುತ್ತದೆ. ಅದರ ತಳದಲ್ಲೊಂದು ಟ್ರೇ, ಟ್ರೇಯಿಂದ ನೆಲದ ತಗಡು ದಾಟಿ ಕೆಳಗಿಳಿಯುವ ಬೆರಳು ಗಾತ್ರದ ರಬ್ಬರ್ ಪೈಪು.

ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡಾಡುವ ಗಾಡಿಗೆ ಕಂಟಕ ಇಲ್ಲೇ. ಒದ್ದೆ ಕಾಯಿಲ್‌ಗೆ ಕೆಂಧೂಳು ಮೆತ್ತಿಕೊಳ್ಳುತ್ತದೆ, ನೀರಿನೊಂದಿಗೆ ಟ್ರೇಗಿಳಿದು ಪೈಪಿನ ಬಾಯಲ್ಲಿ ಕೆಸರಾಗಿ ಗಟ್ಟಿಯಾಗುತ್ತದೆ. ನೀರಿಗೆ ದಾರಿ ಕಟ್ಟಿದ ಮೇಲೆ ಟ್ರೇ ತುಂಬಿ ಒಳಗೇ ಚೆಲ್ಲುತ್ತದೆ. ಗಾಡಿಯಡಿ ಮಲಗಿದ ಮೆಕ್ಯಾನಿಕ್ ಪೈಪಿನ ತುದಿಯನ್ನು ಹಿಸುಕಿ ಸಣ್ಣ ತಂತಿ ತೂರಿಸಿದರೆ ಮೊದಲು ಕುಂಕುಮದ ಬಣ್ಣದ ರಾಡಿ, ಹಿಂದೆಯೇ ತಿಳಿನೀರು. ತಂತಿಯನ್ನು ಕಾಯಿಲ್‌ಗೆ ಮುಟ್ಟಿಸಬಾರದು; ತೂತಾದರೆ ಆಗ ನಿಜಕ್ಕೂ ಗ್ಯಾಸ್ ಸೋರುತ್ತದೆ.

ಪೈಪು ಎಲ್ಲೂ ಮೇಲಕ್ಕೆ ಬಾಗದೆ ಇಳಿಜಾರಾಗಿರಬೇಕು. ಇಷ್ಟಾದರೂ ಹನಿ ನಿಲ್ಲದಿದ್ದರೆ ಪೆಟ್ಟಿಗೆಯಿಂದ ಎಂಜಿನ್ ಕಡೆಗೆ ಹೋಗುವ ದಪ್ಪ ಪೈಪನ್ನು ಮುಟ್ಟಿ ನೋಡಿ. ಅದು ಬರಿಮೈಯಲ್ಲಿದ್ದರೆ ತಾನೇ ಬೆವರುತ್ತದೆ, ಕಪ್ಪು ಫೋಮ್ ಸುತ್ತಿಸಬೇಕು. ಆ ದಿನವೇ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ತುಕ್ಕು ತಿಂದ ನೆಲದ ತಗಡಿಗೆ ಬದಲಿ ಹುಡುಕುವುದು ಸುಲಭವಲ್ಲ.