ಎರಡು ಕಿಲೋ ಬೀಜದ ಋಣ

ತಮಿಳರು ಭತ್ತಕ್ಕೆ ನೆಲ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲೂ ನೆಲ್ಲು ಎಂಬ ಮಾತು ಇನ್ನೂ ಉಳಿದಿದೆ. ಈ ಮಾತನ್ನೇ ಹೆಸರಿನ ಮುಂದೆ ಬಿರುದಿನಂತೆ ಪಡೆದ ರೈತರೊಬ್ಬರು ಕಾವೇರಿಯ ಮುಖಜ ಭೂಮಿಯಲ್ಲಿದ್ದರು. ಅವರೇ ತಿರುವಾರೂರು ಜಿಲ್ಲೆ, ತಿರುತ್ತುರೈಪೂಂಡಿ ಸಮೀಪದ ಆದಿರಂಗಂ ಗ್ರಾಮದ ನೆಲ್ ಜಯರಾಮನ್. ೨೦೧೮ರ ಡಿಸೆಂಬರ್ ೬ರಂದು ಅವರು ಕ್ಯಾನ್ಸರ್ ಕಾಯಿಲೆಯಿಂದ ಚೆನ್ನೈನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತರ ಆಸುಪಾಸು.

ಅದಕ್ಕೆ ಮೂರೇ ವಾರ ಮೊದಲು, ನವೆಂಬರ್ ೧೬ರಂದು, ಗಜ ಚಂಡಮಾರುತ ಅದೇ ಸೀಮೆಯ ಮೇಲೆ ಹಾದುಹೋಗಿತ್ತು. ತಂಜಾವೂರು, ತಿರುವಾರೂರು, ನಾಗಪಟ್ಟಣಂ ಜಿಲ್ಲೆಗಳಲ್ಲಿ ತೆಂಗಿನ ತೋಟಗಳು ಬುಡಸಮೇತ ಮಲಗಿದ್ದವು. ಮನೆಗಳ ಸೂರು ಹಾರಿಹೋಗಿತ್ತು. ಅಂಥ ಹೊತ್ತಿನಲ್ಲಿ ಈ ಸುದ್ದಿ ಬಂತು. ದುಃಖಪಟ್ಟವರು ಬರೀ ನೆಂಟರಿಷ್ಟರಲ್ಲ. ಅವರ ಕೈಯಿಂದ ಬೀಜ ಪಡೆದು ಬಿತ್ತಿದ್ದ ರೈತರ ದೊಡ್ಡ ಬಳಗವೇ ಇತ್ತು.

ಆ ಬಳಗ ಕಟ್ಟಿದ ಬಗೆಯನ್ನು ರೈತ ಬಾಂಧವರು ತಿಳಿಯಬೇಕು. ೨೦೦೩ರಲ್ಲಿ ನಮ್ಮಾಳ್ವಾರ್ ಅವರ ಜೊತೆ ಪೂಂಪುಹಾರಿನಿಂದ ಕಲ್ಲಣೆಯವರೆಗೆ ಪಾದಯಾತ್ರೆ ನಡೆಯಿತು. ದಾರಿಯಲ್ಲಿ ಕೆಲವು ರೈತರು ತಮ್ಮಲ್ಲಿ ಉಳಿದಿದ್ದ ಹಳೆಯ ಭತ್ತವನ್ನು ತಂದುಕೊಟ್ಟರು. ನೀರು ನಿಂತರೂ ತಾಳಿಕೊಂಡು ಆಳೆತ್ತರ ಬೆಳೆಯುವ ಕಾಟ್ಟುಯಾನಂ ಅವುಗಳಲ್ಲೊಂದು. ಅಲ್ಲಿಂದ ಜಯರಾಮನ್ ಹುಡುಕುತ್ತ ಹೋದರು. ಮಾಪ್ಪಿಳ್ಳೈ ಸಂಬಾ, ಪೂಂಗಾರ್, ಕರುಂಗುರುವೈ, ತೂಯಮಲ್ಲಿ, ಹೀಗೆ ನೂರೈವತ್ತಕ್ಕೂ ಹೆಚ್ಚು ತಳಿಗಳು ಸೇರಿದವು.

೨೦೦೬ರಿಂದ ವರ್ಷಕ್ಕೊಮ್ಮೆ ಭತ್ತದ ಹಬ್ಬ ಆರಂಭವಾಯಿತು. ಬಂದ ರೈತರಿಗೆ ಎರಡು ಕಿಲೋ ಬೀಜ ಉಚಿತ. ಷರತ್ತು ಒಂದೇ: ಮುಂದಿನ ವರ್ಷ ನಾಲ್ಕು ಕಿಲೋ ಹಿಂತಿರುಗಿಸಬೇಕು. ಆ ನಾಲ್ಕು ಕಿಲೋ ಮತ್ತಿಬ್ಬರಿಗೆ ಹೋಗುತ್ತದೆ.

ಈ ಲೆಕ್ಕ ಭಾರವೇನಲ್ಲ. ರೂಢಿಯ ನಾಟಿಗೆ ಎಕರೆಗೆ ಇಪ್ಪತ್ತೈದು ಕಿಲೋ ಬೀಜ ಎಂದು ಹಿಡಿದರೆ ಎರಡು ಕಿಲೋ ಬೀಜ ಮೂರು ಗುಂಟೆಗೆ ಬರುತ್ತದೆ. ಎಕರೆಗೆ ಹತ್ತೇ ಕ್ವಿಂಟಲ್ ಇಳುವರಿ ಬಂದರೂ ಮೂರು ಗುಂಟೆಗೆ ಎಪ್ಪತ್ತೈದು ಕಿಲೋ. ಅದರಲ್ಲಿ ನಾಲ್ಕು ಕಿಲೋ ಕೊಡಲು ಯಾರಿಗೂ ಕಷ್ಟವಾಗದು. ಒಂಟಿ ಸಸಿ ನಾಟಿಯ ಶ್ರೀ ಪದ್ಧತಿಯಲ್ಲಾದರೆ ಅದೇ ಎರಡು ಕಿಲೋ ಒಂದು ಎಕರೆಗೆ ಸಾಕು.

ನಮ್ಮಾಳ್ವಾರ್ ೨೦೧೩ರ ಡಿಸೆಂಬರ್ ೩೦ರಂದು ತೀರಿಕೊಂಡಿದ್ದರು. ಅವರು ನನ್ನಂತೆಯೇ ಕೃಷಿ ಪದವೀಧರರು. ಕೋವಿಲ್‌ಪಟ್ಟಿಯ ಸಂಶೋಧನಾ ಕೇಂದ್ರದ ಕೆಲಸ ಬಿಟ್ಟು ರೈತರ ನಡುವೆ ನಡೆದವರು. ನಾನು ಕೆಲಸ ಬಿಟ್ಟವನಲ್ಲ, ಅಧಿಕ ಇಳುವರಿ ತಳಿಗಳ ಬೀಜದ ಚೀಲಗಳನ್ನು ನಾನೂ ಹಂಚಿದ್ದೇನೆ. ಅದರಲ್ಲಿ ತಪ್ಪಾಯಿತೆಂದು ಹೇಳಲಾರೆ. ಮನೆ ತುಂಬ ಮಂದಿ ಇದ್ದವರಿಗೆ ಆ ಇಳುವರಿ ಬೇಕಿತ್ತು. ಹಳೆಯ ತಳಿಗಳಲ್ಲಿ ಬಹಳಷ್ಟು ದೀರ್ಘಾವಧಿಯವು, ಯೂರಿಯಾ ಹೆಚ್ಚಾದರೆ ಪೈರು ಮಲಗುತ್ತದೆ. ಆದರೆ ಹೊಸದನ್ನು ಕೊಡುವಾಗ ಹಳೆಯ ಬೀಜವನ್ನು ಒಂದು ಮೂಲೆಯಲ್ಲಾದರೂ ಉಳಿಸಿಕೊಳ್ಳಿ ಎಂದು ನಾವು ಹೇಳಲಿಲ್ಲ. ಕುಮಟಾ ಸೀಮೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗಕ್ಕೆ ಬದಲಿ ಬೀಜ ನನ್ನ ಚೀಲದಲ್ಲಿ ಎಂದೂ ಇರಲಿಲ್ಲ.

ಭತ್ತದ ಬೀಜ ಚಿನ್ನದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಸ್ತುವಲ್ಲ. ಸಾಧಾರಣ ವಾಡೆಯಲ್ಲಿ ಒಂದೆರಡು ವರ್ಷ ಕಳೆದರೆ ಮೊಳಕೆ ಕುಸಿಯುತ್ತದೆ. ಆದ್ದರಿಂದ ಬೀಜ ಕಾಯುವವನು ಹಾಸಿಗೆ ಹಿಡಿದರೆ ಅವನ ಜೊತೆ ಬೀಜವೂ ಹಿಡಿದಂತೆಯೇ. ಜಯರಾಮನ್ ಕಾಯಿಲೆಯಲ್ಲಿದ್ದಾಗಲೂ ತಳಿಗಳು ಉಳಿದದ್ದು ಅವು ಅವರೊಬ್ಬರ ಮನೆಯಲ್ಲಿರಲಿಲ್ಲ ಎಂಬುದರಿಂದ. ಬಳಗದವರು ೨೦೧೯ರಲ್ಲಿ ಅವರಿಲ್ಲದೆಯೇ ಹಬ್ಬ ನಡೆಸಿದರು. ೨೦೨೧ರಲ್ಲಿ ತಮಿಳುನಾಡು ಸರ್ಕಾರ ಸಾಂಪ್ರದಾಯಿಕ ಭತ್ತದ ಸಂರಕ್ಷಣೆಗೆ ಅವರ ಹೆಸರಿನಲ್ಲೇ ಯೋಜನೆ ಪ್ರಕಟಿಸಿತು.

ಇದನ್ನು ಬರೆಯುವಾಗ ನನ್ನ ಹೋಬಳಿಯ ಹಿರಿಯರೊಬ್ಬರು ನೆನಪಾಗುತ್ತಾರೆ. ನಾಲ್ಕು ಗುಂಟೆಯಲ್ಲಿ ಪ್ರತಿ ವರ್ಷ ಕೆಂಪಕ್ಕಿಯ ಒಂದು ಭತ್ತ ಬೆಳೆಯುತ್ತಿದ್ದರು. ಊರಿನವರು ಅದನ್ನು ಬಾಣಂತಿ ನೆಲ್ಲು ಎಂದೇ ಕರೆಯುತ್ತಿದ್ದರು. ಅವರು ತೀರಿಕೊಂಡ ಸುದ್ದಿ ತಿಳಿದರೂ ಕೆಲಸದ ಒತ್ತಡದಲ್ಲಿ ತಿಥಿ ಮುಗಿದು ತಿಂಗಳ ಮೇಲೆ ಅವರ ಮನೆಗೆ ಹೋದೆ. ಬೀಜದ ಮಾತೆತ್ತಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಯಾವ್ದು ಬೀಜ, ಯಾವ್ದು ಊಟದ್ದು ಅಂತ ಅವ್ರಿಗೇ ಗೊತ್ತಿದ್ದುದು ಸ್ವಾಮಿ. ತಿಥಿ ಖರ್ಚಿಗೆ ಅಂತ ಹುಡುಗ ಎಲ್ಲಾನೂ ಮಿಲ್ಲಿಗೆ ಹಾಕ್ಬಿಟ್ಟ."

ಹುಡುಗನದು ತಪ್ಪಲ್ಲ. ಮೂಟೆಯ ಮೇಲೆ ಹೆಸರಿರಲಿಲ್ಲ.

ಆದ್ದರಿಂದ ರೈತರಲ್ಲಿ ಕೇಳಿಕೊಳ್ಳುವುದಿಷ್ಟು. ಹಳೆಯ ತಳಿ ಇದ್ದವರು ಹೂ ಬಿಡುವಾಗ ಒಮ್ಮೆ, ಕಾಳು ಬಲಿತಾಗ ಒಮ್ಮೆ ಗದ್ದೆಗಿಳಿದು ಬೆರಕೆ ಪೈರನ್ನು ಕಿತ್ತುಹಾಕಿ. ಬೇರೆ ತಳಿಯಿಂದ ಮೂರು ಮೀಟರ್ ಅಂತರವಿರಲಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ ಎನ್ನುವಷ್ಟು ಒಣಗಿಸಿ. ಚೀಲದೊಳಗೊಂದು, ಹೊರಗೊಂದು ಚೀಟಿ ಹಾಕಿ. ತಳಿಯ ಹೆಸರು, ಬೆಳೆದ ವರ್ಷ, ಯಾರಿಗೆ ಕೊಟ್ಟಿದ್ದೀರಿ ಎಂಬುದನ್ನು ಬರೆಯಿರಿ. ಒಟ್ಲು ಹಾಕುವ ಮುಂಚೆ ನೂರು ಕಾಳು ಒದ್ದೆ ಗೋಣಿಯಲ್ಲಿ ಕಟ್ಟಿ ನೋಡಿ, ಎಂಬತ್ತಾದರೂ ಮೊಳೆಯಬೇಕು. ಬೀಜವನ್ನು ಬೇರೆ ಊರಿನ ಇಬ್ಬರಿಗಾದರೂ ಕೊಟ್ಟಿರಿ. ಒಂದೇ ಊರಾದರೆ ಒಂದೇ ಮಳೆಗೆ ಎರಡೂ ಹೋಗಬಹುದು.

ಬಾಣಂತಿ ನೆಲ್ಲಿನ ವಿಚಾರ ಅಲ್ಲಿಗೇ ಮುಗಿಯಲಿಲ್ಲ. ಅಜ್ಜಿಯ ತಂಗಿಯನ್ನು ಕೊಟ್ಟ ಊರಿನಲ್ಲಿ ಮೂರು ಸೇರಿನಷ್ಟು ಸಿಕ್ಕಿತು, ಆದರೆ ಬೇರೆ ಭತ್ತ ಬೆರೆತಿತ್ತು. ಹುಡುಗ ತಂದೆಯ ಅದೇ ನಾಲ್ಕು ಗುಂಟೆಯಲ್ಲಿ ಹಾಕಿದ್ದಾನೆ. ಎರಡು ವರ್ಷದಿಂದ ಕೆಂಪು ಕಾಳಿನ ತೆನೆಗಳನ್ನಷ್ಟೇ ಆರಿಸಿ ಬೀಜಕ್ಕಿಡುತ್ತಿದ್ದೇವೆ. ಇನ್ನೂ ನೂರಕ್ಕೆ ಹತ್ತು ತೆನೆ ಬೇರೆಯದೇ ಬರುತ್ತಿದೆ.